ಇಪ್ಪತ್ನಾಲ್ಕನೇ ಲ್ಯಾಂಡು

ಡೆಕ್ ರಾಯನನ್ನು ಗುರುತಿಸುವುದು ಸುಲಭ. ಹೋಟೆಲಿನಲ್ಲಿ ಕಾಫಿ ಬಂದ ಕೂಡಲೇ ಲೋಟವನ್ನು ಮೇಜಿನ ಆ ತುದಿಗೆ ತಳ್ಳುತ್ತಾನೆ, ಕರ್ಚೀಫಿನಿಂದ ಮೇಜು ಒರೆಸುತ್ತಾನೆ, ಆಮೇಲೆ ಬ್ಯಾಗಿನಿಂದ ಕಟ್ಟು ತೆಗೆಯುತ್ತಾನೆ. ಒಂದೊಂದು ಕಾರ್ಡಿಗೂ ಪ್ಲಾಸ್ಟಿಕ್ಕಿನ ಅಂಗಿ. ದುಬಾರಿಯವಕ್ಕೆ ಬನಿಯನ್ನೂ ಉಂಟು. ಅವನ ಅಂಗಿ ಇಸ್ತ್ರಿ ಕಂಡು ತಿಂಗಳಾಗಿರುತ್ತದೆ.

ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. 1993ರಲ್ಲಿ ಅಮೆರಿಕದಲ್ಲಿ ಹೊರಬಂದದ್ದು, ಕಟ್ಟಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ. ಬೆಂಗಳೂರಿನ ರಾಯನ ಮನೆಯಲ್ಲಿ ಇಷ್ಟೆಲ್ಲ ಚರಿತ್ರೆ ನಡೆಯುವುದಿಲ್ಲ. “ಮತ್ತೆ ಇಸ್ಪೀಟು ಹರಡ್ಕೊಂಡ್ಯೇನೋ?” ಎನ್ನುತ್ತಾರೆ ಅಮ್ಮ. “ಇಸ್ಪೀಟಲ್ಲಮ್ಮ, ಇದಕ್ಕೆ ದುಡ್ಡು ಕಟ್ಟಲ್ಲ” ಎನ್ನುತ್ತಾನೆ. ಕಾರ್ಡು ಕೊಂಡ ಬಿಲ್ಲು ಮಾತ್ರ ಅಮ್ಮನಿಗೆ ಕಾಣದ ಕಡೆ ಇರುತ್ತದೆ.

ಕಾಯಿದೆ ಸರಳ. ಡೆಕ್ಕಿನಲ್ಲಿ, ಅಂದರೆ ಆ ಕಟ್ಟಿನಲ್ಲಿ, ಕನಿಷ್ಠ 60 ಕಾರ್ಡು. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಹೆಸರಿನವು ನಾಲ್ಕು ದಾಟಕೂಡದು. ಎದುರಾಳಿಯನ್ನು ನೋಡಿಕೊಂಡು ಬದಲಿಸಲು 15 ಕಾರ್ಡಿನ ಸೈಡ್‌ಬೋರ್ಡು. ಲ್ಯಾಂಡ್ ಎಂಬ ನೆಲದ ಕಾರ್ಡು ಇದ್ದರೆ ಮಾನಾ ಎಂಬ ಶಕ್ತಿ, ಮಾನಾ ಇದ್ದರೆ ಮಂತ್ರ. ಲ್ಯಾಂಡ್ ಕಡಿಮೆಯಾದರೆ ಕೈತುಂಬ ಮಂತ್ರ ಹಿಡಿದು ಸುಮ್ಮನೆ ಕೂರಬೇಕು. ಹೆಚ್ಚಾದರೆ ಎಕರೆಗಟ್ಟಲೆ ಹೊಲವಿದ್ದೂ ಬಿತ್ತಲು ಬೀಜವಿಲ್ಲದ ಗೌಡನ ಪಾಡು.

ರಾಯನ ಯೌವನ ಸವೆದದ್ದು ಒಂದೇ ಪ್ರಶ್ನೆಯಲ್ಲಿ: ಲ್ಯಾಂಡ್ 23 ಸಾಕೋ, 24 ಬೇಕೋ? ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡ್ ಒಂದೇ ಬರುವ ಅಥವಾ ಬಾರದೇ ಇರುವ ಸಂಭವ, 24 ಇಟ್ಟರೆ ನೂರಕ್ಕೆ ಸುಮಾರು 14. 23 ಇಟ್ಟರೆ 16ಕ್ಕೂ ಮೇಲೆ. ಈ ಎರಡು ಚಿಲ್ಲರೆಗಾಗಿ ನಿದ್ದೆ ಬಿಟ್ಟಿದ್ದಾನೆ. ನಡುರಾತ್ರಿ ಎದುರಾಳಿಯೇ ಇಲ್ಲದೆ ಒಬ್ಬನೇ ಆಡುತ್ತಾನೆ. ಆಟಗಾರರು ಇದನ್ನು ಗೋಲ್ಡ್‌ಫಿಶಿಂಗ್ ಎನ್ನುತ್ತಾರೆ. ಎದುರಿಗೆ ಕೂತದ್ದು ತೊಟ್ಟಿಯ ಮೀನು ಎಂದು ಲೆಕ್ಕ. “ಗುರು, ನಾಲ್ಕನೇ ಟರ್ನಿಗೇ ಹೊಡೆದಾಕ್ದೆ!” ಎಂದು ಆ ಹೊತ್ತಿನಲ್ಲಿ ಫೋನು. ಪಾಪ, ಮೀನು.

ಮನುಷ್ಯರೆದುರು ಸೋತರೆ? ರಾಯ ಸೋಲುವುದಿಲ್ಲ, ಸೋತದ್ದು ಕೈಗೆ ಬಂದ ಕಾರ್ಡು. ಗೆದ್ದದ್ದು ಮಾತ್ರ ಅವನು ಕಟ್ಟಿದ ಡೆಕ್ಕು. ಹೋದ ವಾರ ಹಾಡಿಹೊಗಳಿದ ಕಾರ್ಡು ಈ ವಾರ ಡಬ್ಬಿಯ ತಳ ಸೇರಿರುತ್ತದೆ. ಯಾಕೋ ಅಂದರೆ “ಮೆಟಾ ಬದಲಾಯ್ತಲ್ಲ” ಎನ್ನುತ್ತಾನೆ. ಮೆಟಾ ಅಂದರೆ ಯಾರು ಯಾವ ಡೆಕ್ ಹಿಡಿದಿದ್ದಾರೆ ಎಂಬುದು. ಬದಲಾದದ್ದಿಷ್ಟೇ: ಆಡಲು ಕಾರ್ಡಿನಂಗಡಿಗೆ ಬರುವವರಲ್ಲಿ ಇನ್ನಿಬ್ಬರು ಕೆಂಪು ಡೆಕ್ ಹಿಡಿದಿದ್ದಾರೆ.

ಟೂರ್ನಮೆಂಟಿನ ದಿನ ಡೆಕ್ಕಿನ ಪಟ್ಟಿ ಬರೆದುಕೊಡಬೇಕು. ಒಮ್ಮೆ ಆಟೋದಲ್ಲಿ ಹೋಗುತ್ತಲೇ ಜ್ಞಾನೋದಯವಾಗಿ ಒಂದು ಮಂತ್ರ ಕಿತ್ತು ಇಪ್ಪತ್ನಾಲ್ಕನೇ ಲ್ಯಾಂಡು ತುರುಕಿದ. ಪಟ್ಟಿಯಲ್ಲಿ ಮಂತ್ರವನ್ನು ಹೊಡೆದುಹಾಕಿದ. ಲ್ಯಾಂಡು ಬರೆಯುವಷ್ಟರಲ್ಲಿ ಆಟೋದವನು ಚಿಲ್ಲರೆ ಕೇಳಿದ. ಕೈಯಲ್ಲಿ 60, ಕಾಗದದಲ್ಲಿ 59. ಕಟ್ಟುನಿಟ್ಟಿನ ಟೂರ್ನಮೆಂಟುಗಳಲ್ಲಿ ಇಂಥ ತಪ್ಪಿಗೆ ಒಂದು ಆಟವನ್ನೇ ಸೋಲೆಂದು ಬರೆಯುತ್ತಾರೆ, ಬರೆದರು. ರಾಯ ಕುಗ್ಗಲಿಲ್ಲ. “ನೋಡಿದ್ಯಾ, ಡೆಕ್ಕಿಂದೇನೂ ತಪ್ಪಿಲ್ಲ!”

ಇಂಥವನು ಸಿಕ್ಕರೆ ಬೇಕಾದರೆ ಕೈಸಾಲ ಕೊಡಿ, ಕಾರ್ಡು ಮಾತ್ರ ಕೊಡಬೇಡಿ. ಸಾಲ ಒಂದಲ್ಲ ಒಂದು ದಿನ ಹಿಂದಕ್ಕೆ ಬಂದೀತು, ಕಾರ್ಡು ಮಾತ್ರ “ಇನ್ನೂ ಟೆಸ್ಟಿಂಗಲ್ಲಿದೆ, ಗುರು.”