ಡಿಕ್ಕಿ ಶಾಸನಗಳು: ಶೀಘ್ರಗಾಮಿ ಸಣ್ಣ ಕಾರುಗಳ ಲಕ್ಷಣ ಮತ್ತು ಚಾಲನೆಯನ್ನು ಕುರಿತು

ಸಾರ್ವಜನಿಕ ರಸ್ತೆಯಲ್ಲಿ ಜೋರು ಸಣ್ಣ ಕಾರನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಓಡಿಸುವುದು ಹೇಗೆ ಎಂಬ ಎರಡು ಘನ ಪ್ರಶ್ನೆಗಳನ್ನು ನಮ್ಮ ವಿದ್ವಾಂಸರು ಇದುವರೆಗೆ ಮೆಕ್ಯಾನಿಕ್‌ಗಳಿಗೆ ಬಿಟ್ಟು ಕೈತೊಳೆದುಕೊಂಡಿದ್ದಾರೆ. ಕುದುರೆಯ ಸುಳಿ ನೋಡಿ ಅದರ ಯೋಗ್ಯತೆ ಹೇಳುವುದಕ್ಕೆ ಶಾಲಿಹೋತ್ರನ ಕಾಲದಿಂದ ಶಾಸ್ತ್ರವಿದೆ. ಹ್ಯಾಚ್‌ಬ್ಯಾಕಿನ ಹಿಂಭಾಗ ನೋಡಿ ಹೇಳುವುದಕ್ಕೆ ಒಂದು ಕಿರುಹೊತ್ತಿಗೆಯೂ ಇಲ್ಲ. ಪ್ರಸ್ತುತ ಪ್ರಬಂಧದ ಪ್ರತಿಪಾದನೆ ಇಷ್ಟು: ಸಣ್ಣ ಕಾರಿನ ವೇಗ ಎಂಜಿನ್ನಿನಲ್ಲಿಲ್ಲ, ರಸ್ತೆಯಲ್ಲಂತೂ ಇಲ್ಲವೇ ಇಲ್ಲ. ಅದು ಇರುವುದು ಡಿಕ್ಕಿ ಬಾಗಿಲ ಮೇಲೆ ಅಂಟಿಸಿದ ಎರಡು-ಮೂರು ಅಕ್ಷರಗಳಲ್ಲಿ. ಹೀಗಾಗಿ ಈ ವಿಷಯ ನ್ಯಾಯವಾಗಿ ಸೇರಬೇಕಾದದ್ದು ಆಟೊಮೊಬೈಲ್ ಎಂಜಿನಿಯರಿಂಗ್ ವಿಭಾಗಕ್ಕಲ್ಲ, ಶಾಸನಶಾಸ್ತ್ರ ವಿಭಾಗಕ್ಕೆ.

ಮೊದಲು ಪಾಠಗಳನ್ನು ನೋಡೋಣ. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಮೇಲೆ ‘ಜಿಟಿ ಟಿಎಸ್‌ಐ’ ಎಂಬ ಬರಹ ಕಾಣಿಸಿಕೊಂಡಿತು. 1197 ಸಿಸಿ, 105 ಅಶ್ವಶಕ್ತಿ. ಸೊನ್ನೆಯಿಂದ ನೂರಕ್ಕೆ 9.7 ಸೆಕೆಂಡು ಎಂಬುದು ಕಂಪನಿಯೇ ಹೇಳಿದ ಫಲಶ್ರುತಿ. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಬಂತು, ಚೇಳಿನ ಲಾಂಛನ ಹೊತ್ತು. (ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ಅಬಾರ್ತ್‌ಗೆ ಚೇಳು. ಲಾಂಛನಪ್ರಾಣಿಗಳು ಕಾಲಕ್ರಮೇಣ ಕೃಶವಾಗುತ್ತ ಬಂದಿರುವುದನ್ನು ಸಂಶೋಧಕರು ಗಮನಿಸಬೇಕು.) 2016ರಲ್ಲಿ ಬಂದ ಪೋಲೊ ಜಿಟಿಐ ಇನ್ನೂ ಅಪರೂಪದ್ದು: 192 ಅಶ್ವಶಕ್ತಿ, ಸುಮಾರು 26 ಲಕ್ಷ ರೂಪಾಯಿ, ದೇಶಕ್ಕೆಲ್ಲ ಸೇರಿ 99 ಪ್ರತಿಗಳು. ಪಕ್ಕಕ್ಕೆ ಎರಡೇ ಬಾಗಿಲು. ಹಿಂದೆ ಕೂರುವ ಅತ್ತೆಯವರು ಮುಂದಿನ ಸೀಟು ಮಡಚಿ, ಸೆರಗು ಸಿಕ್ಕಿಸಿಕೊಂಡು ನುಸುಳಬೇಕು. ಇಷ್ಟು ದುಡ್ಡು ಕೊಟ್ಟು ಎರಡು ಬಾಗಿಲು ಕಮ್ಮಿ ತೆಗೆದುಕೊಳ್ಳುವವನು ವಾಹನ ಕೊಳ್ಳುತ್ತಿಲ್ಲ, ಮೂರು ಅಕ್ಷರ ಕೊಳ್ಳುತ್ತಿದ್ದಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವೇಗವೊಂದೇ ಅಲ್ಲ, ಸಣ್ಣತನವೂ ಬರಹವೇ. ಯಾವುದು ಸಣ್ಣ ಕಾರು ಎಂಬುದನ್ನು ನಮ್ಮಲ್ಲಿ ಕಣ್ಣು ತೀರ್ಮಾನಿಸುವುದಿಲ್ಲ, ಬಜೆಟ್ ತೀರ್ಮಾನಿಸುತ್ತದೆ. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು ಎಂದು 2006ರಲ್ಲಿ ನಿಗದಿಯಾಯಿತು. ಅಂಥವಕ್ಕೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. 2025ರ ಸೆಪ್ಟೆಂಬರಿನ ಜಿಎಸ್‌ಟಿಯಲ್ಲಿ ಸಣ್ಣದಕ್ಕೆ ಶೇ 18, ದೊಡ್ಡದಕ್ಕೆ 40. ಈ ಅಳತೆಗೋಲು ಹಿಡಿದರೆ 1368 ಸಿಸಿಯ ಅಬಾರ್ತ್ ಪುಂಟೊ ನಾಲ್ಕು ಮೀಟರಿನೊಳಗೆ ಮೈ ಮುದುರಿಕೊಂಡಿದ್ದರೂ ಕಾನೂನಿನ ಕಣ್ಣಿಗೆ ದೊಡ್ಡ ಕಾರು. 998 ಸಿಸಿಯ ಬಲೆನೊ ಆರ್‌ಎಸ್ ಟರ್ಬೊ ಸಿಕ್ಕಿಸಿಕೊಂಡು 102 ಅಶ್ವಶಕ್ತಿ ಹೊರಡಿಸಿದರೂ ಪಾಪದ ಸಣ್ಣದು. ಗಾತ್ರವನ್ನೇ ಕಾಗದ ನಿರ್ಧರಿಸುವ ಲೋಕದಲ್ಲಿ ವೇಗ ಮಾತ್ರ ಲೋಹದಲ್ಲಿದೆ ಎಂದು ಹಟ ಹಿಡಿಯುವುದು ಯಾವ ತರ್ಕ?

ಇನ್ನು ಗುರುತಿಸುವ ವಿಧಾನ. ಶಾಸನ ಸಿಕ್ಕೊಡನೆ ಪಂಡಿತರು ಕೇಳುವ ಮೊದಲ ಪ್ರಶ್ನೆ, ಇದು ಅಸಲಿಯೋ ಕೂಟಶಾಸನವೋ ಎಂದು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟವೆಂದು ತಳ್ಳಿಹಾಕಿದರು, ರೈಸ್ ಅವುಗಳ ಪರ ನಿಂತರು. ಇಬ್ಬರಲ್ಲಿ ಯಾರಾದರೂ ಇವತ್ತು ಬೆಂಗಳೂರಿನ ಜೆ.ಸಿ. ರಸ್ತೆಗೆ ಬಂದಿದ್ದರೆ ವಾದ ಅಲ್ಲೇ ಮುಗಿಯುತ್ತಿತ್ತು: ಅಲ್ಲಿ ಯಾವ ವಂಶದ ಯಾವ ಬಿರುದನ್ನು ಬೇಕಾದರೂ ಡಬಲ್ ಟೇಪ್ ಸಮೇತ ಕೌಂಟರಿನ ಮೇಲಿಟ್ಟು ಕೊಡುತ್ತಾರೆ. ಹೀಗಾಗಿ 796 ಸಿಸಿಯ ಆಲ್ಟೊ ಮೇಲೆ ‘ಟರ್ಬೊ’ ಎಂದಿದ್ದರೆ ಬೆರಗಾಗಬೇಕಿಲ್ಲ, ಹತ್ತಿರ ಹೋಗಿ ಪರಿಶೀಲಿಸಬೇಕು. ಕಾರ್ಖಾನೆಯ ಅಕ್ಷರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಮನೆಯಲ್ಲಿ ಅಂಟಿಸಿದವು ಕೊನೆಗೆ ಬರುಬರುತ್ತ ಮೇಲಕ್ಕೆ ಏರುತ್ತವೆ. ಬಿಸಿಲಿಗೆ ಅಂಟು ಬಿಟ್ಟು ಒಂದಕ್ಷರ ಉದುರಿದ್ದರೆ ಅದರ ಆಕಾರದಲ್ಲಿ ಪೇಂಟು ಹೊಸದಾಗಿ ಮಿನುಗುತ್ತಿರುತ್ತದೆ, ಅಂಚಿಗೆ ಕೆಮ್ಮಣ್ಣಿನ ಗೆರೆ ಇರುತ್ತದೆ. ಲುಪ್ತಾಕ್ಷರವನ್ನು ಅದರಿಂದ ಊಹಿಸಿಕೊಳ್ಳಬಹುದು. ಬಳಿಕ ಹಿಂದಿನ ಚಕ್ರದ ಅಲಾಯ್ ಕಿಂಡಿಯಲ್ಲಿ ಇಣುಕಬೇಕು. ಅಬಾರ್ತ್, ಬಲೆನೊ ಆರ್‌ಎಸ್‌ಗಳಲ್ಲಿ ಅಲ್ಲೂ ಡಿಸ್ಕ್ ಬ್ರೇಕ್ ಕಾಣಿಸುತ್ತದೆ. ಡ್ರಮ್ ಕಂಡಿತೆಂದು ಕೂಡಲೇ ಕೂಟವೆಂದು ಸಾರುವಂತಿಲ್ಲ, ಏಕೆಂದರೆ ಜಿಟಿ ಟಿಎಸ್‌ಐ ಕೂಡ ಹಿಂದೆ ಡ್ರಮ್ಮೇ. ಸೈಲೆನ್ಸರ್ ಸದ್ದನ್ನಂತೂ ಪ್ರಮಾಣವಾಗಿ ಒಪ್ಪಲೇಬಾರದು. ಅತಿ ಹೆಚ್ಚು ಗುಡುಗುವ ಕಾರು ಸಾಮಾನ್ಯವಾಗಿ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ.

ಚಾಲನಾ ಪ್ರಕರಣ ಚಿಕ್ಕದು, ಏಕೆಂದರೆ ಅದಕ್ಕೆ ಅವಕಾಶವೇ ಚಿಕ್ಕದು. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೊಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕು. ಇದರಲ್ಲಿ ಆ 9.7 ಸೆಕೆಂಡನ್ನು ಎಲ್ಲಿ ಸಿಕ್ಕಿಸಬೇಕೆಂಬುದೇ ಚಾಲಕನ ಮುಂದಿರುವ ಏಕೈಕ ತಾಂತ್ರಿಕ ಸಮಸ್ಯೆ. ಸಿಗ್ನಲ್ ಬಿಟ್ಟೊಡನೆ ಸಿಕ್ಕಿಸಲು ಹೋದರೆ ಮುಂದೆ ಹಂಪ್ ಇರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿರಬೇಕು, ಗಂಟೆಗೆ 25 ಕಿಲೊಮೀಟರಿನಲ್ಲಿ ಹಾಯಾಗಿ ದಾಟುವಂತಿರಬೇಕು. ರಾತ್ರೋರಾತ್ರಿ ಊರಿನವರೇ ಸುರಿದ ಹಂಪಿಗೆ ಇಂಥ ಬಾಹ್ಯ ಪ್ರಭಾವಗಳಿಲ್ಲ. ಅದರ ಮೇಲೆ ಜಿಟಿಯೂ ಎತ್ತಿನಗಾಡಿಯೂ ಒಂದೇ ವೇಗ. ಎತ್ತಿನಗಾಡಿಗೆ ತಳ ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಪೂರ್ವಪಕ್ಷದವರು ಎದ್ದು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ತೋರಿಸುತ್ತಾರೆ. ಒಳ್ಳೆಯದು, ಲೆಕ್ಕವನ್ನೇ ಹಾಕೋಣ. ಅಲ್ಲಿನ ಮಿತಿ ಗಂಟೆಗೆ 100, ಮೇಲಿನಿಂದ ಕ್ಯಾಮೆರಾ. ಒಂದು ಕಾರು 9.7 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ, ಪಕ್ಕದ ಸಾಧು ಕಾರು ಹದಿನೈದು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ನೂರು ಮುಟ್ಟಿದ ಮೇಲೆ ಇಬ್ಬರೂ ಸಮಾನರು. ಮೈಸೂರು ಸೇರುವಾಗ ಮೊದಲನೆಯವನಿಗೆ ಉಳಿದಿರುವ ಮುನ್ನಡೆ ಮೂರು ಸೆಕೆಂಡೂ ಪೂರಾ ಇಲ್ಲ. ಟೋಲಿನಲ್ಲಿ ಫಾಸ್ಟ್ಯಾಗ್ ಒಮ್ಮೆ ಮುನಿದರೆ ಅದೂ ಇಲ್ಲ. ಜೊತೆಗೆ 2019ರ ಜುಲೈ ನಂತರ ತಯಾರಾದ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕುಂಯ್‌ಗುಡಬೇಕೆಂದು ನಿಯಮವಿದೆ. ಎಂದರೆ ಸರ್ಕಾರದ ಬೋರ್ಡು 100 ಹೋಗಬಹುದು ಎನ್ನುತ್ತಿರುವಾಗಲೇ ಸರ್ಕಾರದ ಗಂಟೆ ನಿಧಾನ ಎನ್ನುತ್ತಿರುತ್ತದೆ. ಎರಡು ಅಧಿಕೃತ ಪಾಠಗಳ ನಡುವಿನ ಈ ಭಿನ್ನತೆಯನ್ನು ಪರಿಷ್ಕರಿಸುವ ಕೆಲಸ ಬಾಕಿಯಿದೆ.

ರೇಸಿನಲ್ಲಾದರೂ ವೇಗ ನಿಜವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಸಣ್ಣ ಕಾರುಗಳ ಇತಿಹಾಸದಲ್ಲೇ ಉತ್ತರವಿದೆ. ಬ್ರಿಟನ್ನಿನ ಮಿನಿ ಕೂಪರ್ ಎಸ್ 1964 ಮತ್ತು 1965ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. 1966ರಲ್ಲಿ ಮೊದಲ ಮೂರು ಸ್ಥಾನಗಳೂ ಮಿನಿಗಳಿಗೇ ಬಂದವು. ಆಮೇಲೆ ಹೆಡ್‌ಲೈಟ್ ಡಿಮ್ ಆಗುವ ರೀತಿ ನಿಯಮಕ್ಕೆ ತಕ್ಕಂತಿಲ್ಲ ಎಂದು ಮೂರನ್ನೂ ಅನರ್ಹಗೊಳಿಸಿ ಸಿಟ್ರೊಯೆನ್ ಕಾರೊಂದನ್ನು ವಿಜಯಿ ಎಂದು ಬರೆದರು. ಹಿಮದ ರಸ್ತೆಯಲ್ಲಿ ಗೆದ್ದದ್ದನ್ನು ಕಾಗದ ಅಳಿಸಿತು. ನಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಸಿಗಲಾರದು. (ಅದೇ ನಿಯಮವನ್ನು ರಾತ್ರಿ ಹೊತ್ತು ಹಾಸನದ ರಸ್ತೆಗೆ ಅನ್ವಯಿಸಿದರೆ ಒಬ್ಬರೂ ಊರು ಸೇರಿದ್ದಾಗಿ ದಾಖಲಾಗುವುದಿಲ್ಲ.)

ಮೂರನೆಯವರು ಬುದ್ಧಿವಂತರು. ಅಕ್ಷರವೇ ಇಲ್ಲದ ವೇಗಕ್ಕೆ ಏನೆನ್ನುತ್ತೀರಿ ಎಂದು ಕೇಳುತ್ತಾರೆ. ಫೋರ್ಡ್ ಫಿಗೊದ 1.5 ಡೀಸೆಲ್ 100 ಅಶ್ವಶಕ್ತಿ, 215 ನ್ಯೂಟನ್ ಮೀಟರ್ ಟಾರ್ಕ್ ಇಟ್ಟುಕೊಂಡು, ನೋಡುವುದಕ್ಕೆ ಬಾಡಿಗೆ ಗಾಡಿಯ ಹಾಗಿದ್ದು, ಶಿರಾಡಿಯ ಏರಿನಲ್ಲಿ ದೊಡ್ಡವರನ್ನು ಹಿಂದೆ ಹಾಕಬಲ್ಲದು. ಇದಕ್ಕೆ ಸಮಾಧಾನ: ಅದು ಮೌಖಿಕ ಪರಂಪರೆ. ‘ಅದ್ರ ಪಿಕಪ್ ನೋಡ್ಬೇಕು ಗುರೂ’ ಎಂಬ ವಾಕ್ಯ ಟೀ ಅಂಗಡಿಯಿಂದ ಟೀ ಅಂಗಡಿಗೆ, ಪಾಠಾಂತರಗಳೊಂದಿಗೆ ಹರಿದುಬಂದಿದೆ. ಬರಹವಿಲ್ಲ, ಪಠ್ಯವಂತೂ ಇದೆ.

ವೇಗ ಬರಿ ಅಕ್ಷರವಾದರೆ ಜನ ಸಾಯುವುದೇಕೆ ಎಂದು ಕೇಳಿದವರಿಗೆ ಅಡ್ಡಮಾತು ಹೇಳುವಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳ ಮುಂದೆ ಅತಿವೇಗ ಎಂಬ ಕಾರಣ ನಮೂದಾಗಿದೆ. ಡಿಕ್ಕಿಯ ಮೇಲೆ ಏನು ಬರೆದಿತ್ತು ಎಂಬ ಕಾಲಂ ಆ ಪಟ್ಟಿಯಲ್ಲಿಲ್ಲ. ನಮ್ಮ ಪ್ರತಿಪಾದನೆ ಹೇಳುವುದೂ ಇದನ್ನೇ: ಅಕ್ಷರ ಓದಿಕೊಂಡು ಆಕ್ಸಿಲರೇಟರ್ ತುಳಿದವನಿಗೆ ಎದುರು ಬರುವ ಸೈಕಲ್ಲಿನವನು ಅಕ್ಷರಸ್ಥನಾಗಿರಬೇಕೆಂಬ ನಿಯಮವಿಲ್ಲ.

ಕೊನೆಯ ಸಾಕ್ಷ್ಯ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯದು. ಐದು ವರ್ಷ ‘ಜಿಟಿ’ ಎಂದು ಮೆರೆದು, ಎದುರುಮನೆಯವರ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಗೆ ಮುಖ ಸಿಂಡರಿಸುತ್ತಿದ್ದ ಕಾರು ಬ್ರೋಕರನ ಕೈಗೆ ಬಂದ ದಿನವೇ ಅದರ ಪಾಠ ಬದಲಾಗುತ್ತದೆ: ‘ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್, ಎಂಬತ್ತು ದಾಟಿಸಿಲ್ಲ, ಹದಿನೆಂಟು ಕೊಡುತ್ತೆ.’ ಎಂಜಿನ್ ಅದೇ, ಟರ್ಬೊ ಅದೇ, ಹಿಂದಿನ ಡ್ರಮ್ ಕೂಡ ಅದೇ. ಕೊಂಡವನು ಟೈರ್ ಒದ್ದು, ಬಾನೆಟ್ ಎತ್ತಿ ಏನೋ ಅರ್ಥವಾದವನಂತೆ ತಲೆಯಾಡಿಸಿ, ಅಡ್ವಾನ್ಸ್ ಕೊಟ್ಟು ಬರುತ್ತಾನೆ. ಮುಂದಿನ ವಾರ ಅವನ ಮಗ ಉದುರಿದ ಒಂದಕ್ಷರವನ್ನು ಹುಡುಕಿಕೊಂಡು ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿರುತ್ತಾನೆ.