ತಾತನನ್ನು ಕ್ಯಾನ್ವಾಸಿಗೆ ಬಿಗಿಯುವ ವಿಧಾನ

ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಒಂದು ಮಳಿಗೆ ಹಿಡಿಯಿರಿ. ಹಳೆಯ ಬೋರ್ಡಿನಲ್ಲಿರುವ ‘ಫ್ಲೆಕ್ಸ್’ ಅಳಿಸಿ ‘ಫೈನ್ ಆರ್ಟ್’ ಎಂದು ಬರೆಸಿ. ಅರ್ಧ ಬಂಡವಾಳ ಅಲ್ಲಿಗೆ ಹೂಡಿದಂತಾಯಿತು. ಯಾರಾದರೂ ಕೆದಕಿ ಕೇಳಿದರೆ ‘ಝೀಕ್ಲೇ’ ಎನ್ನಿ. ಇಂಕ್‌ಜೆಟ್ ಪ್ರಿಂಟಿಗೆ 1991ರಲ್ಲಿ ಜ್ಯಾಕ್ ಡುಗಾನ್ ಎಂಬ ಅಮೆರಿಕದ ಮುದ್ರಣಕಾರ ಫ್ರೆಂಚಿನಿಂದ ಎತ್ತಿಕೊಂಡು ಇಟ್ಟ ಹೆಸರು ಅದು. ಪಿಚಕಾರಿಯಂತೆ ಚಿಮ್ಮಿಸುವುದು ಎಂದು ಅರ್ಥ. ಹೆಸರು ಹೇಳಿ, ಅರ್ಥ ಹೇಳಬೇಡಿ. ಹೆಸರಿಗೆ ರೇಟು ಏರುತ್ತದೆ, ಅರ್ಥಕ್ಕೆ ಇಳಿಯುತ್ತದೆ.

ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಡಿ. ಇಲ್ಲಿನ ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಊರಿನ ಮಕ್ಕಳು ಕೋಳಿ ಕೂಗುವ ಹೊತ್ತಿಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಇಳಿಯುತ್ತಾರೆ. ಹಳೆಯದನ್ನು ನೆನೆಯಲು ಅವರಿಗೆ ಪುರಸತ್ತಿರುವುದು ಭಾನುವಾರ ಮಾತ್ರ. ಆದ್ದರಿಂದ ಭಾನುವಾರ ಅಂಗಡಿ ತೆಗೆಯಿರಿ. ಹೊಸದಾಗಿ ಮನೆ ಕಟ್ಟಿಸಿದ ಒಬ್ಬ ಹುಡುಗ ಬಂದೇ ಬರುತ್ತಾನೆ. ಅವನ ಕೈಯಲ್ಲಿ ಗೆದ್ದಲು ತಿಂದ ಅಂಚಿನ ಒಂದು ಫೋಟೊ ಇರುತ್ತದೆ. ನಡುವೆ ಶಾಫ್ಟಿನ ಗೋಪುರ, ಅದರ ನೆತ್ತಿಯಲ್ಲಿ ಚಕ್ರ. ಕೆಳಗೆ ಹೆಲ್ಮೆಟ್ ತೊಟ್ಟ ಹನ್ನೆರಡು ಜನ. ಎಡಗಡೆ ಕೊನೆಯಲ್ಲಿ ಸಣಕಲು ಮೈಯ, ದಪ್ಪ ಮೀಸೆಯ ಒಬ್ಬರು. ‘ಇವರೇ ನಮ್ಮ ತಾತ’ ಎನ್ನುತ್ತಾನೆ. ತಲೆಯಾಡಿಸಿ. ಎಡಗಡೆ ಕೊನೆ ಎಂಬುದನ್ನು ಮಾತ್ರ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸ್ಕ್ಯಾನ್ ಮಾಡುವ ಗೋಜಿಗೆ ಹೋಗಬೇಡಿ. ಫೋಟೊವನ್ನು ಟ್ಯೂಬ್‌ಲೈಟಿನ ಕೆಳಗಿಟ್ಟು ಮೊಬೈಲಿನಲ್ಲಿ ಹೊಡೆದು, ಅಂಗಡಿಯ ಹುಡುಗನಿಗೆ ವಾಟ್ಸಾಪ್ ಮಾಡಿ. ಗಿರಾಕಿ ಕೇಳುವುದು 36 ಇಂಚಿನ ಅಗಲ. ಇಂಚಿಗೆ 150 ಪಿಕ್ಸೆಲ್ ಆದರೂ ಬೇಕು, 300 ಇದ್ದರೆ ಲೇಸು ಎಂದು ಬಲ್ಲವರು ಹೇಳುತ್ತಾರೆ. ಅಂದರೆ ಕಡಿಮೆಯೆಂದರೂ 5400. ವಾಟ್ಸಾಪಿನಲ್ಲಿ ಇಳಿದು ಬಂದ ಚಿತ್ರಕ್ಕೆ 1600ರ ಆಸುಪಾಸು ಉಳಿದಿರುತ್ತದೆ, ಇಂಚಿಗೆ 44. ಧಾರಾಳವಾಯಿತು. ಮುಖಗಳು ಬೆಲ್ಲದಚ್ಚಿನಂತೆ ಕಂಡರೆ ‘ದೂರದಿಂದ ನೋಡಿ, ಕಲೆಯನ್ನು ಹತ್ತಿರದಿಂದ ನೋಡಬಾರದು’ ಎಂದು ತಿಳಿಹೇಳಿ.

ಮಾನಿಟರಿನ ಬೆಳಕನ್ನು ಪೂರ್ತಿ ಏರಿಸಿ ಕೂತುಕೊಳ್ಳಿ. ಬಣ್ಣ ಹೊಂದಿಸುವ ಪ್ರೊಫೈಲು, ಗಿಫೈಲು ಎಲ್ಲ ಬೆಂಗಳೂರಿನವರ ಚಟ. ಪ್ರಿಂಟು ಮಸಿ ಬಳಿದಂತೆ ಕಪ್ಪಾಗಿ ಬಂದರೆ ‘ಗಣಿಯೊಳಗೆ ಕತ್ತಲೇ ಅಲ್ಲವೇ’ ಎಂದು ಕೇಳಿ. ಸಿನಿಮಾ ಬಂದ ಮೇಲಂತೂ ಕೆಜಿಎಫ್ ಎಂದರೆ ಕಪ್ಪು, ಹೊಗೆ, ಮೂಲೆಯಲ್ಲೊಂದು ಚಿನ್ನದ ಮಿಂಚು ಎಂದು ಜಗತ್ತೇ ಒಪ್ಪಿಬಿಟ್ಟಿದೆ. ನೀವು ಯಾರು ಬೇಡವೆನ್ನಲು?

ಈಗ ಬಟ್ಟೆ. ಶುದ್ಧ ಹತ್ತಿಯದು, ಚದರ ಮೀಟರಿಗೆ 350ರಿಂದ 400 ಗ್ರಾಂ ತೂಗುವುದು, ಮೇಲೆ ಶಾಯಿ ಹಿಡಿಯುವ ಬಿಳಿ ಲೇಪವಿರುವುದು ಅಸಲಿ ಸರಕು. ಅದರ ಒಂದು ಗೇಣು ತುಂಡನ್ನು ಮೇಜಿನ ಮೇಲಿಟ್ಟು ಗಿರಾಕಿಯ ಕೈಗೆ ಮುಟ್ಟಿಸಿ. ಪ್ರಿಂಟನ್ನು ಪಾಲಿಯೆಸ್ಟರಿನ ಮೇಲೆ ತೆಗೆಯಿರಿ. ಶಾಯಿಯಲ್ಲೂ ಹಾಗೆಯೇ. ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ದಶಕಗಳ ಕಾಲ ಬಾಳುತ್ತದೆ, ನೀರಿನಲ್ಲಿ ಕರಗಿಸಿದ ಡೈ ಶಾಯಿ ಬಿಸಿಲಿಗೆ ಬೇಗ ಸೋಲುತ್ತದೆ. ಡೈ ಹಾಕಿ. ಬಾಳಿಕೆ ಬರುವ ಸರಕು ಮಾರಿದ ಅಂಗಡಿಗೆ ಗಿರಾಕಿ ಎರಡನೇ ಸಲ ಏಕೆ ಬರುತ್ತಾನೆ?

ಯುಪಿಎಸ್‌ಗೆ ದುಡ್ಡು ಸುರಿಯಬೇಡಿ. ಶಿವನಸಮುದ್ರದ ಕರೆಂಟನ್ನು 1902ರಲ್ಲೇ ಕಂಡ ಊರಿದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಇಲ್ಲಿ ಕರೆಂಟ್ ಹೋಗುತ್ತದೆ ಎಂದು ಶಂಕಿಸುವುದೇ ಇತಿಹಾಸಕ್ಕೆ ಅಗೌರವ. ಹೋದರೆ, ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿ. ಹನ್ನೆರಡೂ ಜನರ ಸೊಂಟದ ಮಟ್ಟಕ್ಕೆ ಬಿದ್ದ ಅಡ್ಡಗೆರೆಯನ್ನು ಬೆಲ್ಟ್ ಎನ್ನಿ.

ಪ್ರಿಂಟನ್ನು ಒಂದು ದಿನ ಒಣಗಲು ಬಿಟ್ಟು, ಆಮೇಲೆ ವಾರ್ನಿಷ್ ಕೊಡುವುದು ಪದ್ಧತಿ. ನೀವು ಅರ್ಧ ಗಂಟೆಗೇ ಕೊಡಿ. ಕೊಡುವಾಗ ಬಾಗಿಲು ತೆರೆದಿರಲಿ, ಗಾಳಿ ಬೀಸುವ ತಿಂಗಳಾದರೆ ಇನ್ನೂ ಒಳ್ಳೆಯದು. ಊರ ಪಕ್ಕದ ಸೈನೈಡ್ ಗುಡ್ಡಗಳಿರುವುದು ಮತ್ತೇತಕ್ಕೆ? ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಊರಿನ ಪಾಲಿಗೆ ಉಳಿದ ಹುಡಿ ಅದು. ಹಸಿ ವಾರ್ನಿಷ್ ಕಂಡರೆ ತಾನಾಗಿ ಹಾರಿಬಂದು ಕೂರುತ್ತದೆ. ಇದನ್ನು ತಪ್ಪೆಂದು ಒಪ್ಪಿಕೊಳ್ಳಬೇಡಿ. ‘ಅಸಲಿ ಗಣಿ ಮಣ್ಣಿನ ಫಿನಿಷಿಂಗ್’ ಎಂದು ಬಿಲ್ಲಿನಲ್ಲಿ ಬೇರೆ ಸಾಲು ಬರೆಯಿರಿ.

ಗಣಿ ಬೇಡದ ಗಿರಾಕಿಗೆ, ಅಂಗೈ ಮರೆ ಮಾಡಿ ದೀಪ ಹಿಡಿದ ಹೆಂಗಸಿನ ಚಿತ್ರ ತೋರಿಸಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಆ ಚಿತ್ರ ಎಸ್. ಎಲ್. ಹಳದಂಕರ್ ಅವರದ್ದು, ಕಾಗದದ ಮೇಲಿನ ಜಲವರ್ಣ. ನೀವು ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆದು, ಮೇಲೆ ಗೋಂದಿನಂಥ ಜೆಲ್ ಬಳಿದು ಕುಂಚದ ಗೀರು ಎಬ್ಬಿಸಿ, ರವಿವರ್ಮನ ಆಯಿಲ್ ಪೇಂಟಿಂಗ್ ಎಂದು ಮಾರಿ. ಯಾರೂ ತಕರಾರು ತೆಗೆಯುವುದಿಲ್ಲ. ಅರ್ಧ ಕರ್ನಾಟಕ ಹಾಗೆಂದೇ ನಂಬಿದೆ.

ಚೌಕಟ್ಟಿಗೆ ಬನ್ನಿ. ಕೈಚಳಕ ಬೇಕಾಗಿರುವುದು ಇಲ್ಲಿ. ಚೆನ್ನಾಗಿ ಒಣಗಿದ, ಗಂಟಿಲ್ಲದ ಮರ ಹುಡುಕುವವರು ಹುಡುಕಲಿ. ಕೋಲಾರದ ಸುತ್ತ ನೀಲಗಿರಿಗೆ ಬರವಿಲ್ಲ, ಮೊನ್ನೆ ಕಡಿದದ್ದನ್ನೇ ಸೀಳಿಸಿ ತನ್ನಿ. ಪಟ್ಟಿಯ ಮೇಲ್ಮೈಯನ್ನು ಒಳಗಡೆಗೆ ಇಳಿಜಾರಾಗಿ ಕೆತ್ತದಿದ್ದರೆ ಒಳ ಅಂಚು ಬಟ್ಟೆಗೆ ತಾಗಿ, ನಾಲ್ಕೂ ಕಡೆ ಗೆರೆ ಮೂಡುತ್ತದೆ. ಮೂಡಲಿ, ಪುಕ್ಕಟೆ ಬಾರ್ಡರ್. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಸಮವೇ ಎಂದು ನೋಡುವ ಅಭ್ಯಾಸವಿದ್ದರೆ ಬಿಡಿ. 36 ಇಂಚಿಗೆ ನಡುವೆ ಅಡ್ಡಪಟ್ಟಿ ಬೇಕೆನ್ನುವವರ ಮಾತಿಗೂ ಕಿವಿಗೊಡಬೇಡಿ. ಹಸಿ ಮರ ಒಣಗುತ್ತಾ ಹಪ್ಪಳದಂತೆ ತಿರುಚಿಕೊಂಡು, ಒಂದು ರಾತ್ರಿ ಟಪ್ಪೆಂದು ಮೂಲೆ ಬಿಡುತ್ತದೆ. ನೆಲದಡಿ ಬಂಡೆ ಸಿಡಿದರೆ ಮನೆಯ ಪಾತ್ರೆ ಅದುರುತ್ತಿದ್ದ ಊರಿದು. ಈ ಸದ್ದಿಗೆ ಯಾರೂ ಎದ್ದು ಕೂರುವುದಿಲ್ಲ.

ಬಟ್ಟೆಯನ್ನು ಮಗುಚಿ ಹಾಕಿ, ಮೇಲೆ ಚೌಕಟ್ಟಿಡಿ. ಸರಿಯಾದ ಕ್ರಮವೆಂದರೆ ಒಂದು ಬದಿಯ ನಡುವೆ ಪಿನ್ನು, ಅದರ ಎದುರು ಬದಿಯ ನಡುವೆ ಇನ್ನೊಂದು, ಮಿಕ್ಕೆರಡು ಬದಿಗೂ ಹಾಗೆಯೇ, ಬಳಿಕ ನಡುವಿನಿಂದ ಮೂಲೆಗಳತ್ತ. ಅಗಲ ಬಾಯಿಯ ಇಕ್ಕಳದಲ್ಲಿ ಎಳೆದೆಳೆದು ಹೊಡೆದರೆ ಬಟ್ಟೆ ಕಾಯಿಸಿದ ತಮಟೆಯಂತೆ ನುಡಿಯುತ್ತದೆ. ಇಷ್ಟು ತಿಳಿದುಕೊಂಡ ಮೇಲೆ, ಒಂದು ಮೂಲೆಯಿಂದ ಶುರು ಮಾಡಿ ಸುತ್ತಲೂ ಹೊಡೆದುಕೊಂಡು ಹೋಗಿ. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಉಳಿದ ಸುಕ್ಕೆಲ್ಲ ಅಲ್ಲಿ ಸೇರಿರುತ್ತದೆ. ಅದನ್ನು ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿದಂತೆ ಮಡಚಿ, ಮೇಲೊಂದು ಸ್ಟಿಕರ್ ಅಂಟಿಸಿ. ಸ್ಟಿಕರಿನಲ್ಲಿ ‘1/25’ ಎಂದಿರಲಿ. ಎಲ್ಲ ಪ್ರತಿಗಳಿಗೂ ಅದೇ ಇರಲಿ.

ಇನ್ನು ಎಡಗಡೆ ಕೊನೆಯ ವಿಷಯ. ಒಂದೂವರೆ ಇಂಚು ದಪ್ಪದ ಚೌಕಟ್ಟನ್ನು ಸುತ್ತಿ ಹಿಂದೆ ಪಿನ್ನು ಹೊಡೆಯಲು ಪ್ರತಿ ಬದಿಗೂ ಎರಡು ಎರಡೂವರೆ ಇಂಚು ಬಟ್ಟೆ ಹೆಚ್ಚು ಬೇಕು. ನಾಜೂಕಿನವರು ಚಿತ್ರದ ಅಂಚನ್ನೇ ಕನ್ನಡಿಯಂತೆ ತಿರುಗಿಸಿ ಆ ಜಾಗ ತುಂಬಿಸುತ್ತಾರೆ, ಆಗ ಮುಂಭಾಗದ ಚಿತ್ರ ಇಡಿಯಾಗಿ ಉಳಿಯುತ್ತದೆ. ನೀವು ಇದ್ದ ಚಿತ್ರವನ್ನೇ ಎಳೆದು ಸುತ್ತಿಬಿಡಿ. ಚಿಂತಿಸಬೇಡಿ, ಗೋಪುರ ನಡುವೆ ಇದೆ, ಅದಕ್ಕೇನೂ ಆಗುವುದಿಲ್ಲ.

ಡೆಲಿವರಿ ಬಂಗಾರಪೇಟೆಯಲ್ಲಾದರೆ ದಾರಿಯಲ್ಲಿ ಪಾನಿಪುರಿ ತಿನ್ನಿ. ತಿಂದ ಕೈಯಲ್ಲೇ ಕ್ಯಾನ್ವಾಸ್ ಎತ್ತಿಕೊಳ್ಳಿ. ಆ ಊರಿನ ಪಾನಿಗೆ ಬಣ್ಣವಿಲ್ಲ, ತಿಳಿನೀರಿನಂತಿರುತ್ತದೆ. ಡೈ ಶಾಯಿ ಹರಡಿದ್ದು ಮನೆಗೆ ಹೋದ ಮೇಲಷ್ಟೇ ಗೊತ್ತಾಗುವುದು.

ಮನೆಯಲ್ಲಿ ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆ ಆರಿಸಿ, ಒಂದೇ ಮೊಳೆಗೆ ನೇತುಹಾಕಿ. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬರುತ್ತಾರೆ, ತಡೆಯಬೇಡಿ. ಹಾಕಿದ ಕುಂಕುಮ ಒರೆಸಲು ಇದಕ್ಕೆ ಗಾಜಿಲ್ಲವೆಂದು ಹೇಳಬೇಡಿ. ಅಜ್ಜಿ ಹಣೆ ಹುಡುಕುತ್ತಾ ನಿಲ್ಲುತ್ತಾರೆ. ಹುಡುಗ ತಲೆ ಎಣಿಸುತ್ತಾನೆ, ಹನ್ನೊಂದು. ಮತ್ತೆ ಎಣಿಸುತ್ತಾನೆ. ‘ಅಣ್ಣ, ತಾತ ಎಲ್ಲಿ?’

ಗಾಬರಿಯಾಗಬೇಡಿ. ಗೋಡೆಗೆ ಕೆನ್ನೆ ಒತ್ತಿ ಎಡಗಡೆಯಿಂದ ನೋಡಲು ಹೇಳಿ. ಒಂದೂವರೆ ಇಂಚಿನ ಅಂಚಿನಲ್ಲಿ, ಅರ್ಧ ಮೀಸೆಯನ್ನು ಹಿಂದಕ್ಕೆ ಮಡಚಿಕೊಂಡು, ಭುಜಕ್ಕೆರಡು ಪಿನ್ನು ಹೊಡೆಸಿಕೊಂಡು ತಾತ ನಿಂತಿರುತ್ತಾರೆ. ಅಲ್ಲಿ ಕತ್ತಲು, ಮೊಬೈಲಿನ ಟಾರ್ಚ್ ಬೇಕಾಗುತ್ತದೆ. ಬಾಕಿ ಹಣವನ್ನು ಟಾರ್ಚ್ ಹಾಕುವ ಮೊದಲೇ ಪಡೆದುಕೊಳ್ಳಿ.