ನಕಲಿ ಜಿಟಿ40 ಮನೆಗೆ ಬಂದಾಗ: ಗ್ರಾಹಕರ ಕೈಪಿಡಿ

ಅಭಿನಂದನೆಗಳು. ಮುಂಗಡ ಕೊಟ್ಟು, ಬಣ್ಣ ಆರಿಸಿ, ಬಣ್ಣ ಬದಲಾಯಿಸಿ, ಮತ್ತೆ ಮೊದಲಿನ ಬಣ್ಣಕ್ಕೇ ಬಂದು, ಮನೆಯವರಿಗೆ "ಇನ್ನೇನು ಮುಂದಿನ ತಿಂಗಳು" ಎಂದು ಹೇಳುತ್ತಲೇ ವರ್ಷ ದೂಡಿದ ನಿಮ್ಮ ಜಿಟಿ40 ಕೊನೆಗೂ ತಯಾರಾಗಿದೆ. 1966ರಲ್ಲಿ ಲ ಮಾನ್‌ನ 24 ಗಂಟೆಗಳ ಓಟದಲ್ಲಿ ಮೊದಲ ಮೂರೂ ಸ್ಥಾನ ಬಾಚಿಕೊಂಡು ಫೆರಾರಿಯ ಸೊಕ್ಕಡಗಿಸಿದ ಫೋರ್ಡ್ ಇದಲ್ಲ. ಇಂಗ್ಲೆಂಡಿನ ಒಂದು ಶೆಡ್ಡಿನಲ್ಲಿ ನಾವು ನಾಲ್ಕು ಜನ ನಿಮಗೋಸ್ಕರ ಕಟ್ಟಿದ ಅದರ ಪಡಿಯಚ್ಚು. ಗಾಡಿ ಮುಟ್ಟುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೇ ಬರೆದಿದ್ದೇವೆ.

ಇಳಿಸಿಕೊಳ್ಳುವುದು

ಹೆಸರಿನಲ್ಲಿರುವ 40 ಎಂದರೆ ಇಂಚು. ನೆಲದಿಂದ ಚಾವಣಿಗೆ 40 ಇಂಚು ಚಿಲ್ಲರೆ, ನಿಮ್ಮ ಅಡುಗೆಮನೆಯ ಕಟ್ಟೆಗಿಂತ ಒಂದು ಹಿಡಿ ಎತ್ತರ. ಗಾಡಿ ಹೊತ್ತು ತಂದ ಲಾರಿಯಿಂದ ಇಳಿಸುವಾಗ ಹಲಗೆಗಳು ಆದಷ್ಟು ಉದ್ದವಿರಲಿ. ಗಿಡ್ಡ ಹಲಗೆಯಾದರೆ ಮೂತಿ ಮೊದಲು ನೆಲಕ್ಕೆ ತಾಗುತ್ತದೆ, ಚಕ್ರ ಆಮೇಲೆ ಬರುತ್ತದೆ.

ಊರಿನಿಂದ ಅಮ್ಮನೋ ಅತ್ತೆಯೋ ಬಂದಿದ್ದರೆ ಪೂಜೆಯಾಗದೆ ಗಾಡಿ ಅಲುಗಾಡಕೂಡದು ಎನ್ನುತ್ತಾರೆ. ಆಗಲಿ. ನಿಂಬೆಹಣ್ಣನ್ನು ಚಕ್ರಕ್ಕೆ ಒತ್ತಿಕೊಂಡೇ ಇಡಿ. ಮೂತಿಯ ಮುಂದಿಟ್ಟರೆ ಮೂತಿಯೇ ಅದನ್ನು ರಸ್ತೆಯ ತನಕ ಉರುಳಿಸಿಕೊಂಡು ಹೋಗುತ್ತದೆ. ತೆಂಗಿನಕಾಯಿಯನ್ನು ಪಕ್ಕದ ಮನೆಯ ಕಾಂಪೌಂಡಿನ ಕಡೆ ಸರಿದು ಒಡೆಯಿರಿ, ಏಕೆಂದರೆ ಮೈಯೆಲ್ಲ ಫೈಬರ್‌ಗ್ಲಾಸ್. (ಅಸಲಿ ಗಾಡಿಯ ಮೈಯೂ ಅದೇ. ಹಾಗಾಗಿ ಈ ಒಂದು ವಿಷಯದಲ್ಲಿ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ.) ಬಾನೆಟ್ಟಿನ ಮೇಲೆ ಓಂ ಬರೆಯಬಹುದು. ಸ್ವಸ್ತಿಕ ಬೇಡ; ಯುರೋಪಿನ ಪೆಟ್ರೋಲ್ ಬಂಕಿನಲ್ಲಿ ನಿಂತು ಅದರ ಪುರಾಣ ಬಿಡಿಸಿ ಹೇಳುವಷ್ಟರಲ್ಲಿ ಇಂಜಿನ್ ಕಾದುಹೋಗುತ್ತದೆ.

ಒಳಗೆ ಇಳಿಯುವ ವಿಧಾನ

ಈ ಅಧ್ಯಾಯವನ್ನು ಎರಡು ಸಲ ಓದಿ. ಬಾಗಿಲು ತೆರೆದಾಗ ಚಾವಣಿಯ ದೊಡ್ಡದೊಂದು ತುಂಡು ಅದರ ಜೊತೆಗೇ ಎದ್ದು ಬರುತ್ತದೆ. ಗಾಬರಿ ಬೇಡ, ಮುರಿದಿಲ್ಲ. ಆ ಕಾಲದ ಲ ಮಾನ್‌ನಲ್ಲಿ ಚಾಲಕರು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದು, ಬಾವುಟ ಬೀಸಿದೊಡನೆ ಓಡಿಬಂದು ಗಾಡಿಗೆ ಹಾರಬೇಕಿತ್ತು. ಹಾರುವವನ ತಲೆಗೆ ದಾರಿಯಿರಲಿ ಎಂದು ಚಾವಣಿಯನ್ನು ಬಾಗಿಲಿಗೆ ಸೇರಿಸಿದರು. ನಿಮ್ಮ ಗ್ಯಾರೇಜಿನಲ್ಲಿ ಆಗುವುದೇ ಬೇರೆ: ಬಾಗಿಲು ಗೋಡೆಗೆ ತಗುಲಿ ಅರ್ಧಕ್ಕೆ ನಿಲ್ಲುತ್ತದೆ, ಬಗ್ಗಿದವನ ಹಣೆಗೆ ಅದೇ ಚಾವಣಿಯ ಮೂಲೆ ಸರಿಯಾಗಿ ಸಿಗುತ್ತದೆ. ಗಾಡಿಗೆ ಎಡಬಲ ಎಷ್ಟು ಜಾಗ ಬೇಕೆಂದು ಮುಂಚೆಯೇ ಅಳತೆಪಟ್ಟಿ ಹಿಡಿದು ನೋಡಿ.

ಕ್ರಮ ಹೀಗೆ: ಶೂ ಒರೆಸಿ. ಸೀಟಿನ ಮೇಲೆ ನಿಲ್ಲಿ. ಹೌದು, ಸೀಟಿನ ಮೇಲೆಯೇ. ಅಂಚು ಹಿಡಿದು ಎರಡೂ ಕಾಲುಗಳನ್ನು ಸ್ಟೀರಿಂಗ್ ಕೆಳಗಿನ ಸುರಂಗಕ್ಕೆ ಬಿಡಿ. ಮೈಯನ್ನು ಹಿಂದೆಯೇ ಜಾರಿಸಿ. ಈಗ ನೀವು ಕೂತಿಲ್ಲ, ಮಲಗಿದ್ದೀರಿ. ಕೂರುವುದೆಂದರೆ ಇಲ್ಲಿ ಅದೇ. ಗೇರ್ ಹುಡುಕಲು ಎಡಗೈ ಚಾಚಬೇಡಿ, ಅಲ್ಲಿ ಪಕ್ಕದವರ ಮೊಣಕಾಲಿದೆ. ಗೇರ್ ನಿಮ್ಮ ಬಲಕ್ಕೆ, ಬಾಗಿಲಿಗೆ ಅಂಟಿಕೊಂಡ ದಪ್ಪ ಹೊಸ್ತಿಲಿನ ಮೇಲೆ. ಆ ಹೊಸ್ತಿಲು ಅಷ್ಟೇಕೆ ದಪ್ಪ ಎಂದು ಪಕ್ಕದವರು ಕೇಳಿದರೆ ಮಾತು ಬೇರೆ ಕಡೆ ತಿರುಗಿಸಿ. ಪೆಟ್ರೋಲ್ ಟ್ಯಾಂಕುಗಳು ಅದರೊಳಗಿವೆ, ನಿಮ್ಮ ಬದಿಗೊಂದು, ಅವರ ಬದಿಗೊಂದು.

ಅವಸರ ಮಾಡಬೇಡಿ. 1969ರಲ್ಲಿ ಜ್ಯಾಕಿ ಇಕ್ಸ್ ಎಂಬ ಬೆಲ್ಜಿಯಂನ ಹುಡುಗ, ಈ ಓಡಿ ಹತ್ತುವ ಪದ್ಧತಿಯೇ ಅಪಾಯವೆಂದು ಪ್ರತಿಭಟಿಸಿ, ಉಳಿದವರೆಲ್ಲ ದೌಡಾಯಿಸುತ್ತಿದ್ದಾಗ ತಾನು ನಡೆದುಕೊಂಡೇ ತನ್ನ ಜಿಟಿ40 ಬಳಿಗೆ ಬಂದ. ಬೆಲ್ಟು ನೆಟ್ಟಗೆ ಕಟ್ಟಿಕೊಂಡು ಎಲ್ಲರಿಗಿಂತ ಕೊನೆಗೆ ಹೊರಟ. ಮಾರನೆಯ ದಿನ ಅವನೂ ಜೊತೆಗಾರ ಜ್ಯಾಕಿ ಆಲಿವರನೂ ಓಟ ಗೆದ್ದರು. ನಿಮ್ಮ ದಾರಿ ಸೂಪರ್‌ಮಾರ್ಕೆಟ್ಟಿಗೆ. ನೀವೂ ನಿಧಾನವಾಗಿ ಕಟ್ಟಿಕೊಳ್ಳಿ.

ಆರು ಅಡಿ ಮೀರಿದವರಿಗೆ ವಿಶೇಷ ಸೂಚನೆ. ಅಮೆರಿಕದ ಡ್ಯಾನ್ ಗರ್ನಿ ನಿಮ್ಮ ಹಾಗೆಯೇ ಉದ್ದದ ಆಳು. ಅವನ ಹೆಲ್ಮೆಟ್ಟಿಗಾಗಿ ಬಾಗಿಲಿನ ಮೇಲ್ಭಾಗವನ್ನೇ ಉಬ್ಬಿಸಿದರು. ತಲೆಗೆ ಬರಬೇಕಾದ ಬುಗುಟು ಚಾವಣಿಗೆ ಬಂತು. ಅಂಥದ್ದು ನಿಮಗೂ ಬೇಕಿತ್ತೆಂದರೆ ಅಚ್ಚು ಎರೆಯುವ ಮುನ್ನ ಹೇಳಬೇಕಿತ್ತು.

ಪರೀಕ್ಷೆ, ನಂಬರು ಇತ್ಯಾದಿ

ಬ್ರಿಟನ್ನಿನಲ್ಲಿ ಬಿಡಿಬಿಡಿಯಾಗಿ ಕಟ್ಟಿದ ಗಾಡಿ ರಸ್ತೆಗಿಳಿಯಬೇಕಾದರೆ ಐವಿಎ ಪರೀಕ್ಷೆ ದಾಟಬೇಕು. ಮೈಮೇಲೆ ಎಲ್ಲಾದರೂ ಚೂಪಾದ ಅಂಚಿದೆಯೇ ಎಂದು ಪರೀಕ್ಷಕರು ಸವರಿ, ಅಳೆದು ನೋಡುತ್ತಾರೆ. ಅಂಚಿನ ದುಂಡು 2.5 ಮಿಲಿಮೀಟರಿಗೆ ಕಡಿಮೆಯಿದ್ದರೆ ಫೇಲು. ಚಕ್ರದ ನಡುವೆ ರೆಕ್ಕೆ ಬಿಚ್ಚಿ ನಿಲ್ಲುವ ಆ ಸುಂದರ ನಟ್ಟುಗಳನ್ನು ಕಂಡರಂತೂ ಮುಖ ಗಂಟಿಕ್ಕುತ್ತಾರೆ. ಈ ಕಾರಣಕ್ಕೆ ನಿಮ್ಮ ಗಾಡಿ ಅಲ್ಲಲ್ಲಿ ಕಪ್ಪು ರಬ್ಬರು ಪಟ್ಟಿ ಕಟ್ಟಿಕೊಂಡು, ಆಸ್ಪತ್ರೆಯಿಂದ ಬಿಡುಗಡೆಯಾದವರ ಚಹರೆಯಲ್ಲಿ ಬಂದಿದೆ. ಅದನ್ನು ಯಾವಾಗ ಬಿಚ್ಚಬೇಕು ಎಂದು ನಮ್ಮನ್ನು ಕೇಳಬೇಡಿ. ನಮಗೆ ಕೇಳಿಸುವುದಿಲ್ಲ.

ಹಳೆಯ ನಂಬರ್ ಪ್ಲೇಟು ಹಾಕಿ 1960ರ ದಶಕದ ಗಾಡಿ ಎನಿಸಿಕೊಳ್ಳುವ ಆಸೆ ಇದ್ದರೆ ಕಾನೂನಿನ ಅಡ್ಡಿಯಿಲ್ಲ. ಇರುವುದಕ್ಕಿಂತ ಹೊಸದಾಗಿ ಕಾಣುವ ನಂಬರನ್ನು ಮಾತ್ರ ಅಲ್ಲಿ ಹಾಕುವಂತಿಲ್ಲ. ಆದರೆ ಬಿಡಿಭಾಗಗಳ ವಯಸ್ಸೇ ಸರಿಯಾಗಿ ತಿಳಿಯದ ಗಾಡಿಗೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ. ಗೊತ್ತಿದ್ದವರು ಅದನ್ನು ನೋಡಿದ ಕೂಡಲೇ ತುಟಿಯಂಚಿನಲ್ಲಿ ನಗುತ್ತಾರೆ.

"ಅಸಲಿಯಾ?" ಎಂದು ಕೇಳಿದಾಗ

ಪ್ರತಿ ಸಿಗ್ನಲ್ಲಿನಲ್ಲಿ, ಪ್ರತಿ ಬಂಕಿನಲ್ಲಿ ಕೇಳುತ್ತಾರೆ. ಮೊದಲ ವಾರ ನೀವು "ಪಡಿಯಚ್ಚು" ಎಂದು ಮೆಲ್ಲಗೆ ಹೇಳುತ್ತೀರಿ. ಎರಡನೆಯ ವಾರ ಕೆಮ್ಮುತ್ತೀರಿ. ಮೂರನೆಯ ವಾರ ಸುಳ್ಳು ನಾಲಿಗೆಯ ತುದಿಗೆ ಬಂದಿರುತ್ತದೆ. ಬೇಡ, ಅದರ ಅಗತ್ಯವೇ ಇಲ್ಲ. ಈ ಕೆಳಗಿನದನ್ನು ಬಾಯಿಪಾಠ ಮಾಡಿ.

2012ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ತಿಳಿನೀಲಿ ಮೈಗೆ ಕಿತ್ತಳೆ ಪಟ್ಟಿಯ, ಅಪ್ಪಟ ಅಸಲಿ ಜಿಟಿ40 ಒಂದು 1.1 ಕೋಟಿ ಡಾಲರಿಗೆ ಹೋಯಿತು. ಸ್ಟೀವ್ ಮೆಕ್ವೀನ್ ನಟಿಸಿದ 'ಲ ಮಾನ್' ಚಿತ್ರಕ್ಕೆ ಅದನ್ನೇ ಕ್ಯಾಮೆರಾ ಗಾಡಿ ಮಾಡಿಕೊಂಡಿದ್ದರು. ಕ್ಯಾಮೆರಾಕ್ಕೆ ಅಡ್ಡಿಯೆಂದು ಚಾವಣಿಯನ್ನು ಕತ್ತರಿಸಿ ಬಿಸಾಕಿದ್ದರು. ಈಗ ಅದರ ಮೇಲಿರುವ ಚಾವಣಿ ಆಮೇಲೆ ಕೂರಿಸಿದ್ದು, ನಿಮ್ಮದರ ಹಾಗೆಯೇ. ಇನ್ನು 2019ರ 'ಫೋರ್ಡ್ ವರ್ಸಸ್ ಫೆರಾರಿ' ನೋಡಿ ನೀವು ಈ ಗಾಡಿಗೆ ಮನಸೋತವರಾದರೆ, ಸೋತದ್ದೇ ನಕಲಿಗೆ. ತೆರೆಯ ಮೇಲೆ ಅಬ್ಬರಿಸಿದ್ದು ಪಡಿಯಚ್ಚುಗಳು. ಅಸಲಿಯ ಒಡೆಯರು ಅದನ್ನು ಗಾಜಿನ ಬಾಗಿಲ ಹಿಂದೆ ಇಟ್ಟು ವಿಮೆ ಕಟ್ಟುತ್ತಾ ಕೂತಿರುತ್ತಾರೆ. ಮಳೆಯಲ್ಲಿ, ಟ್ರಾಫಿಕ್ಕಿನಲ್ಲಿ, ಬೆನ್ನಿನ ಹಿಂದೆಯೇ ವಿ8 ಗುಡುಗುತ್ತಿರುವಾಗ ಆ ಕಾಲದ ಚಾಲಕ ಪಟ್ಟ ಪಾಡು ಅವರಿಗೆ ದಕ್ಕುವುದಿಲ್ಲ, ನಿಮಗೆ ದಕ್ಕುತ್ತದೆ. ನೀವು ದುಡ್ಡು ಕೊಟ್ಟದ್ದು ಆ ಪಾಡಿಗೇ.

ಇದನ್ನು ಒಪ್ಪದ ಕೆಲವರು ಏಸಿ, ಬ್ಲೂಟೂತ್, ಹಿಂದಿನ ಕ್ಯಾಮೆರಾ ಎಲ್ಲ ಹಾಕಿಸಿಕೊಳ್ಳುತ್ತಾರೆ. ಹಾಕಿಕೊಡುತ್ತೇವೆ, ವ್ಯಾಪಾರ ವ್ಯಾಪಾರವೇ. ಆಮೇಲೆ ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ.

ದೋಷ ಮತ್ತು ಪರಿಹಾರ

ಕಿಟಕಿ ಇಳಿಯುತ್ತಿಲ್ಲ: ಇಳಿಯುವ ಕಿಟಕಿಯೇ ಇಲ್ಲ. ಕೈ ತೂರುವಷ್ಟು ಸಣ್ಣ ಕಿಂಡಿ ಇದೆ. ಪಾರ್ಕಿಂಗ್ ಚೀಟಿಯ ಯಂತ್ರ ತಲೆಗಿಂತ ಎತ್ತರದಲ್ಲಿರುವುದರಿಂದ ಕಿಂಡಿಯಿಂದ ಪ್ರಯೋಜನವಿಲ್ಲ. ಇಳಿದು ತೆಗೆದುಕೊಳ್ಳಿ. ಇಳಿಯುವ ವಿಧಾನಕ್ಕೆ ಮೇಲಿನ ಅಧ್ಯಾಯವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಹಿಂದಿನವರು ಹಾರ್ನ್ ಹೊಡೆಯುವುದಿಲ್ಲ, ಫೋಟೋ ತೆಗೆಯುತ್ತಿರುತ್ತಾರೆ.

ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲ: ಕಾಣುತ್ತಿರುವುದು ಕಾರ್ಬ್ಯುರೇಟರುಗಳು. ಅವು ಅಲ್ಲೇ ಇವೆ ಎಂಬ ನೆಮ್ಮದಿ ನಿಮಗಿರಲಿ.

ಹಿಂಬದಿಯ ಮುಚ್ಚಳ ಒಬ್ಬರಿಂದ ಎತ್ತಲಾಗುತ್ತಿಲ್ಲ: ಅದು ಮುಚ್ಚಳವಲ್ಲ, ಗಾಡಿಯ ಅರ್ಧ ಮೈ. ಬಾಲದ ಕಡೆ ಕೀಲಿದೆ, ಹಿಂದಕ್ಕೆ ಮಗುಚುತ್ತದೆ. ಇನ್ನೊಬ್ಬರನ್ನು ಕರೆಯಿರಿ. ಒಳಗೆ ಎಂಟು ಸೈಲೆನ್ಸರ್ ಕೊಳವೆಗಳು ಒಂದರ ಮೇಲೊಂದು ಹೊರಳಿ ಹೆಣೆದುಕೊಂಡಿರುವುದನ್ನು ನೋಡಿ ಸಹಾಯಕ್ಕೆ ಬಂದವರು ಅರ್ಧ ಗಂಟೆ ಅಲ್ಲೇ ನಿಲ್ಲುತ್ತಾರೆ. ಎಡಗಡೆಯ ಸಿಲಿಂಡರುಗಳ ಹೊಗೆ ಬಲಗಡೆಯದರ ಜೊತೆ ಸರದಿಯಂತೆ ಕೂಡಲಿ ಎಂದು ಹಾಗೆ ಅಡ್ಡಡ್ಡ ದಾಟಿಸಿದ್ದು. ಮಾಮೂಲಿ ವಿ8 ಗುಡುಗಿಗಿಂತ ಇದರ ದನಿ ಕೀರಲಾಗಿರುವುದು ಅದರಿಂದಲೇ. ಬಿಸಿಯಿರುತ್ತದೆ. ಬೆರಳಿಟ್ಟು ತೋರಿಸಬೇಡಿ.

ಗಾಡಿ ಸುಮ್ಮನೆ, ತಣ್ಣಗೆ, ಯಾವ ತಕರಾರೂ ಇಲ್ಲದೆ ಓಡುತ್ತಿದೆ: ತಕ್ಷಣ ಪಕ್ಕಕ್ಕೆ ನಿಲ್ಲಿಸಿ ನಮಗೆ ಫೋನ್ ಮಾಡಿ. ಏನನ್ನೋ ಹಾಕುವುದು ಮರೆತಿದ್ದೇವೆ.